ನಡುಹೊಳೆಯಲ್ಲಿ ಬಿಟ್ಟದ್ದು

ಪರಮಪೂಜ್ಯ ಹಾಲವ್ವ ತಾಯಿಯವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಪಲ್ಲಕ್ಕಿಯಂತೂ ಇರಲೇ ಇಲ್ಲ. ಕೃಷ್ಣೆಗೆ ಇನ್ನೂ ಸೇತುವೆಯಾಗದ ಕಾಲದಲ್ಲಿ, ತೊಂಡಿಗೇರಿ ಎಂಬ ಊರಿನ ದಂಡೆಯ ಮೇಲೆ, ಹರಿಗೋಲು ಕಟ್ಟುವ ಜಾಗದ ಪಕ್ಕದಲ್ಲಿ ಜೋಳದ ದಂಟಿನ ಒಂದು ಗುಡಿಸಲು. ಅದೇ ಅವರ ಕೈಲಾಸ. ಹೊಳೆ ದಾಟಲು ಬಂದವರಿಗೆ ಅಂಬಲಿ ಕಾಯಿಸಿ ಕೊಡುವುದೇ ಅವರ ಪೂಜೆ. ದರ್ಶನಕ್ಕೆಂದು ದೂರದಿಂದ ಬಂದು ಕಾಲಿಗೆರಗಿದವರಿಗೂ ಮೊದಲು ಸಿಗುತ್ತಿದ್ದುದು ಆಶೀರ್ವಾದವಲ್ಲ, "ಉಂಡಿಯೇನು?" ಎಂಬ ಪ್ರಶ್ನೆ. ಇಲ್ಲವೆಂದರೆ ಕೈಗೆ ಬಟ್ಟಲು ಬರುತ್ತಿತ್ತು. ಹೌದೆಂದರೂ ಬರುತ್ತಿತ್ತು.

ತಾಯಿಯವರ ಬಗ್ಗೆ ಬರೆಯುವವರು ಪವಾಡಗಳನ್ನೇ ಬರೆಯುತ್ತಾರೆ. ನೀರಿನ ಮೇಲೆ ನಡೆದರು ಎನ್ನುತ್ತಾರೆ. ನಡೆದಿರಬಹುದು, ಅಲ್ಲಗಳೆಯಲು ನಾನು ಯಾರು? ಆದರೆ ನಮ್ಮ ಹಿರಿಯರು ಕಣ್ಣಾರೆ ಕಂಡಂತೆ ಅವರು ಎಲ್ಲರ ಜೊತೆ ಹರಿಗೋಲಿನಲ್ಲಿಯೇ ಕೂತು, ಎಲ್ಲರಂತೆ ಸೆರಗು ತೋಯಿಸಿಕೊಂಡೇ ದಾಟುತ್ತಿದ್ದರು. ಹಾಗೆ ಕೂತ ಒಂದು ದಿನ ಅವರು ಆಡಿದ ನಾಲ್ಕು ಮಾತು ನನಗೆ ಎಲ್ಲ ಪವಾಡಗಳಿಗಿಂತ ದೊಡ್ಡದು. ಅದನ್ನು ಹೇಳಿದರೆ ಇವತ್ತಿಗೂ ಕೆಲವು ದೊಡ್ಡವರ ಹುಬ್ಬು ಗಂಟಾಗುತ್ತದೆ. ಆಗಲಿ.

ಆ ದಂಡೆಗೆ ಒಂದು ಪದ್ಧತಿಯಿತ್ತು. ಕಾಶಿಗೆ ಹೋದವರು ತಮಗೆ ಪ್ರಿಯವಾದ ತಿನಿಸೊಂದನ್ನು ಅಲ್ಲಿ ಬಿಟ್ಟು ಬರುವುದನ್ನು ನೀವು ಬಲ್ಲಿರಿ. ಕಾಶಿ ದೂರವಾದ ಬಡವರು ಕಾರ್ತಿಕ ಮಾಸದಲ್ಲಿ ತಮ್ಮ ಹೊಳೆಯಲ್ಲಿಯೇ ಅದನ್ನು ನಡೆಸುತ್ತಿದ್ದರು. ಹರಿಗೋಲಿನಲ್ಲಿ ನಡುಹೊಳೆಗೆ ಹೋಗಿ, ಬೊಗಸೆಯಲ್ಲಿ ನೀರೆತ್ತಿ, ತನಗೆ ಪ್ರಿಯವಾದುದರ ಹೆಸರು ಹೇಳಿ, ನೀರನ್ನು ಮರಳಿ ಹೊಳೆಗೆ ಬಿಟ್ಟರಾಯಿತು. ಆಮೇಲೆ ಸಾಯುವವರೆಗೆ ಅದನ್ನು ಮುಟ್ಟುವಂತಿಲ್ಲ. ಮಾತು ಮುರಿದವನ ಮನೆಯಲ್ಲಿ ನೆಂಟರೂ ನೀರು ಕುಡಿಯುತ್ತಿರಲಿಲ್ಲ. ಪದ್ಧತಿ ಕಟ್ಟುನಿಟ್ಟಾದದ್ದೇ, ಆದರೆ ನಮ್ಮ ಜನರೇನು ಕಡಿಮೆಯೇ? ಹೆಚ್ಚಿನವರು ಬಹಳ ಭಕ್ತಿಯಿಂದ ಬಿಡುತ್ತಿದ್ದುದು ಹಾಗಲಕಾಯಿಯನ್ನು! ತಾಯಿಯವರು ಸಾಕ್ಷಿಯಾಗಿ ಹರಿಗೋಲಿನಲ್ಲಿ ಕೂತಿರುತ್ತಿದ್ದರು. ಯಾರು ಏನು ಬಿಟ್ಟರೂ ಒಂದು ಮಾತು ಆಡುತ್ತಿರಲಿಲ್ಲ.

ಹೊಳೆಯ ಆಚೆಗಿನ ಕರಡಿಹಾಳದಲ್ಲಿ ಮೋನಪ್ಪ ಬಡಿಗೇರ ಎಂಬವನಿದ್ದ. ಮೂವತ್ತರ ಆಸುಪಾಸಿನ ಪ್ರಾಯ. ಅವನ ಕೈಗಳನ್ನು ದೇವರು ಬಿಡುವಾಗಿ ಕೂತು ಮಾಡಿದ್ದನೆಂದೇ ಹೇಳಬೇಕು. ಮರದಲ್ಲಿ ಗಿಳಿ ಕೆತ್ತಿದರೆ ಈಗ ಹಾರುತ್ತದೆ ಅನ್ನಿಸುತ್ತಿತ್ತು. ಮುರಿದ ಎಲುಬನ್ನು ಕೂಡಿಸಿ ಕಟ್ಟುವುದನ್ನು ಸೋದರಮಾವನಿಂದ ಕಲಿತಿದ್ದ. ಬಯಲಿನಲ್ಲಿ ರಾತ್ರಿಯಿಡೀ ಆಡುವ ದೊಡ್ಡಾಟಕ್ಕೆ ಪದ ಕಟ್ಟುತ್ತಿದ್ದ, ತಾನೇ ಹಾಡುತ್ತಿದ್ದ. ಯಾರಿಗೂ ಬಗ್ಗದ ಹೋರಿಯನ್ನು ಪಳಗಿಸಲು ಹತ್ತೂರಿನವರು ಅವನನ್ನೇ ಕರೆಯುತ್ತಿದ್ದರು. ಈ ನಾಲ್ಕರಲ್ಲಿ ಯಾವುದನ್ನು ಹಿಡಿದರೂ ಅವನಿಗೆ ಅನ್ನ ನೀರಿನ ಪರಿವೆ ಇರುತ್ತಿರಲಿಲ್ಲ.

ಆದರೆ ಊರವರ ದೂರೂ ಸುಳ್ಳಲ್ಲ. ಕಾಳಮ್ಮನ ಗುಡಿಯ ಬಾಗಿಲ ಚೌಕಟ್ಟಿನಲ್ಲಿ ಬಲಗಡೆಗೆ ಬಳ್ಳಿ, ಹೂವು, ಗಿಳಿ ಎಲ್ಲವೂ ಇದ್ದವು, ಎಡಗಡೆ ಬೋಳು. ಕಟ್ಟಿದ ಪದಕ್ಕೆ ಕೊನೆಯ ನುಡಿ ಇರುತ್ತಿರಲಿಲ್ಲ. ಅವನು ಪಳಗಿಸಿದ ಹೋರಿ ನೊಗಕ್ಕೆ ಹೆಗಲು ಕೊಡುತ್ತಿತ್ತು, ಬಲಕ್ಕೂ ತಿರುಗುತ್ತಿತ್ತು, ಎಡಕ್ಕೆ ಮಾತ್ರ ತಿರುಗುತ್ತಿರಲಿಲ್ಲ. ಅದನ್ನು ಕಲಿಸುವುದರೊಳಗೆ ಮೋನಪ್ಪ ದೊಡ್ಡಾಟದ ತಾಲೀಮಿಗೆ ಹೋಗಿಬಿಟ್ಟಿದ್ದ.

ಎಲ್ಲಕ್ಕಿಂತ ಕೆಟ್ಟದ್ದು ಅಂಬಿಗರ ಜಟ್ಟೆಪ್ಪನ ಕೈ. ತೊಂಡಿಗೇರಿಯಲ್ಲಿ ಹರಿಗೋಲು ನಡೆಸುವ ಈ ಜಟ್ಟೆಪ್ಪ ಒಮ್ಮೆ ದಂಡೆಯ ಪಾಚಿಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದ. ಮೋನಪ್ಪ ಬಂದು ಬಿದಿರಿನ ದಬ್ಬೆಯಿಟ್ಟು ಕಟ್ಟಿದ್ದನ್ನು ನೋಡಿ ನೆರೆದವರೆಲ್ಲ ತಲೆದೂಗಿದರು. ವಾರಕ್ಕೊಮ್ಮೆ ಬಂದು ಬಿಚ್ಚಿ, ಎಣ್ಣೆ ತಿಕ್ಕಿ, ಮತ್ತೆ ಕಟ್ಟುತ್ತೇನೆ ಎಂದು ಹೇಳಿ ಹೋದವನು ಮರಳಿ ಬರಲೇ ಇಲ್ಲ. ಅಷ್ಟರಲ್ಲಿ ಯಾವುದೋ ಊರಿನ ಹೋರಿ ಅವನನ್ನು ಕರೆದಿತ್ತು. ಜಟ್ಟೆಪ್ಪನ ಕೈ ಸೊಟ್ಟಗೆ ಕೂಡಿಕೊಂಡಿತು, ಬೆರಳು ಪೂರ್ತಿ ಮಡಚದಾದವು. ಜಟ್ಟೆಪ್ಪ ದೂರಲಿಲ್ಲ. ಆದರೆ ಅಂದಿನಿಂದ ಸೆಳವು ಹೆಚ್ಚಿದ್ದ ದಿನ ಅವನು ಹರಿಗೋಲು ಬಿಚ್ಚುತ್ತಿರಲಿಲ್ಲ, ಮತ್ತು ಮೋನಪ್ಪ ಆ ದಂಡೆಗೆ ಬರುವುದನ್ನೇ ಬಿಟ್ಟಿದ್ದ.

ಮೋನಪ್ಪನಿಗೆ ಹೆಣ್ಣು ಕೊಟ್ಟ ಮಾವ ದೇವೇಂದ್ರಪ್ಪ ಪತ್ತಾರರು ಬಂಗಾರದ ಕೆಲಸ ಬಿಟ್ಟು ಜೀವಮಾನದಲ್ಲಿ ಬೇರೊಂದನ್ನು ಮುಟ್ಟಿದವರಲ್ಲ. ಅಳಿಯನ ಅವತಾರ ನೋಡಿ ನೋಡಿ ಸಾಕಾಗಿ ಮಗಳು ಸರಸವ್ವಳನ್ನು ತವರಿಗೆ ಕರೆದೊಯ್ದರು. ಮಾತು ದೈವದ ಮುಂದೆ ಬಂತು. ಊರ ಹಿರಿಯರನ್ನು ಆ ಕಡೆ ದೈವ ಎಂದೇ ಕರೆಯುವುದು. ದೈವದವರು ಎಲೆ ಅಡಿಕೆ ಮೆಲ್ಲುತ್ತ ತೀರ್ಪು ಕೊಟ್ಟರು: ಕಾರ್ತಿಕದಲ್ಲಿ ಹಾಲವ್ವ ತಾಯಿಯವರ ಸಾಕ್ಷಿಯಾಗಿ ಮೋನಪ್ಪ ನಾಲ್ಕರಲ್ಲಿ ಮೂರನ್ನು ಹೊಳೆಗೆ ಬಿಡಬೇಕು, ಒಂದನ್ನು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹೆಂಡತಿ ಮರಳುವುದಿಲ್ಲ. ಯಾವ ಒಂದು ಎಂಬುದು ಅವನ ಇಷ್ಟ. ಈ ಕೊನೆಯ ಮಾತನ್ನು ದೊಡ್ಡ ಔದಾರ್ಯವೆಂಬಂತೆ ಹೇಳಿದರಂತೆ. ಹೀಗೆ ತೀರ್ಪು ಕೊಟ್ಟವರಲ್ಲಿ ಒಂದನ್ನಾದರೂ ನೆಟ್ಟಗೆ ಬಲ್ಲವರು ಎಷ್ಟು ಜನ ಇದ್ದರೋ, ನಾನು ವಿಚಾರಿಸಲು ಹೋಗಿಲ್ಲ.

ಅಂತೂ ಕಾರ್ತಿಕದ ಒಂದು ಮುಂಜಾನೆ ಪತ್ತಾರರು ಅಳಿಯನನ್ನು ಮೇಲಿನೂರಿನ ಹರಿಗೋಲಿನಲ್ಲಿ ಹೊಳೆ ದಾಟಿಸಿ, ಮುಂದಿಟ್ಟುಕೊಂಡು ತಾಯಿಯವರ ಗುಡಿಸಲಿಗೆ ಬಂದರು. ತಾಯಿಯವರು ಒಲೆಯ ಮುಂದೆ ಕೂತು ಅಂಬಲಿ ತಿರುವುತ್ತಿದ್ದರು. ಪತ್ತಾರರು ಸಾಷ್ಟಾಂಗವೆರಗಿ ನಡೆದುದನ್ನೆಲ್ಲ ಅರಿಕೆ ಮಾಡಿಕೊಂಡರು. ಮೋನಪ್ಪ ಎರಗಲಿಲ್ಲ. ಬಾಗಿಲ ಗೂಟಕ್ಕೆ ಆತು ಸೆಟೆದು ನಿಂತಿದ್ದ.

"ಉಂಡಿಯೇನು ತಮ್ಮಾ?" ಎಂದರು ತಾಯಿಯವರು.

"ಉಣ್ಣಾಕ ಬಂದಿಲ್ರಿ," ಎಂದ ಮೋನಪ್ಪ. "ನಾಕು ಮಕ್ಕಳ ತಾಯಿಗೆ, ಮೂರನ್ನ ಹೊಳಿಗೆ ಹಾಕು, ಒಂದನ್ನ ಇಟಗೋ ಅಂತ ಯಾರರ ಅಂತಾರೇನ್ರಿ? ನಿಮ್ಮ ಹೊಳಿ ಅಂಥಾ ಹೊಳಿ ಆದ್ರ ನನಗ ಬ್ಯಾಡ. ನೀವು ಸಾಕ್ಷಿ ಕುಂಡ್ರೂದು ಇಂಥಾದಕ್ಕ ಆದ್ರ ನೀವೂ ಬ್ಯಾಡ."

ಪತ್ತಾರರು ಗಲ್ಲ ಗಲ್ಲ ಬಡಿದುಕೊಂಡರು. "ತಪ್ಪಾತ್ರಿ ಯವ್ವಾ, ಹುಡುಗಬುದ್ಧಿ, ಹೊಟ್ಟ್ಯಾಗ ಹಾಕ್ಕೋರಿ!"

ತಾಯಿಯವರಿಗೆ ಸಿಟ್ಟು ಬರಲಿಲ್ಲ. ನಕ್ಕರೆಂದೂ ಕೆಲವರು ಹೇಳುತ್ತಾರೆ. ಅವನ ಕೈಗೆ ಬಟ್ಟಲು ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಎದುರಿಗೇ ಕೂತರು. ಆಮೇಲೆ ಸೆರಗು ಸುತ್ತಿಕೊಂಡು ಎದ್ದರು. "ಬರ್ರಿ, ಹರಗೋಲ ಹತ್ತರಿ," ಎಂದಷ್ಟೇ ಅಪ್ಪಣೆಯಾಯಿತು.

ಬರುವುದಿಲ್ಲ ಎನ್ನಬೇಕೆಂದುಕೊಂಡಿದ್ದ ಮೋನಪ್ಪ ಯಾಕೋ ಹತ್ತಿದ. ಸರಸವ್ವಳ ಮುಖ ಕಣ್ಣ ಮುಂದೆ ಬಂತೋ ಏನೋ. ಹರಿಗೋಲಿನಲ್ಲಿ ನಾಲ್ವರೇ: ತಾಯಿಯವರು, ಪತ್ತಾರರು, ಮೋನಪ್ಪ ಮತ್ತು ಹುಟ್ಟು ಹಿಡಿದ ಜಟ್ಟೆಪ್ಪ. ಜಟ್ಟೆಪ್ಪನ ಮಣಿಕಟ್ಟು ಕಣ್ಣಿಗೆ ಬೀಳುತ್ತಲೇ ಮೋನಪ್ಪ ಮುಖವನ್ನು ನೀರಿನ ಕಡೆ ಹೊರಳಿಸಿ ಕೂತ.

ಹರಿಗೋಲು ನಿಮಗೆ ಗೊತ್ತಿದ್ದದ್ದೇ. ಬಿದಿರಿನಿಂದ ಹೆಣೆದು ತೊಗಲು ಹೊದಿಸಿದ ದುಂಡು ಬುಟ್ಟಿ. ನೀರಿಗಿಳಿದ ಕೂಡಲೇ ತನ್ನಷ್ಟಕ್ಕೆ ತಿರುಗುತ್ತದೆ. ಪತ್ತಾರರಿಗೆ ಒಮ್ಮೆ ಅಳಿಯನ ಊರು ಕಾಣುವುದು, ಒಮ್ಮೆ ತೊಂಡಿಗೇರಿ ಕಾಣುವುದು. ಅಂಚನ್ನು ಎರಡೂ ಕೈಯಿಂದ ಬಿಗಿಹಿಡಿದ ಅವರು, ಹೆದರಿಕೆಯನ್ನು ಮುಚ್ಚಿಕೊಳ್ಳಲಿಕ್ಕೋ ಏನೋ, ಮಾತು ಶುರು ಮಾಡಿದರು.

"ನೋಡ್ರಿ ಯವ್ವಾ, ಇಂವನ ಬಾಳೂ ಇದರಂಗ ಆಗೇತಿ. ಒಂದ ದಿಕ್ಕಂಬೂದು ಇಲ್ಲ. ಗಿರಗಿರ ತಿರಗತಾನ."

ತಾಯಿಯವರು ಕೇಳಿದರು: "ಹರಗೋಲಿಗೆ ಮಾರಿ ಯಾವ ಕಡೆ ಐತಿ ಪತ್ತಾರಾ?"

ಪತ್ತಾರರು ಸುತ್ತ ನೋಡಿದರು. ದುಂಡು ಬುಟ್ಟಿಗೆ ಮುಖವೆಲ್ಲಿ, ಬೆನ್ನೆಲ್ಲಿ? "ಇದಕ್ಕ ಮಾರಿ ಇಲ್ಲಲ್ರಿ," ಎಂದರು.

"ದಂಡಿ ಮುಟ್ಟತೈತಿಲ್ಲೋ?"

"ಮುಟ್ಟತೈತ್ರಿ."

ತಾಯಿಯವರ ಈ ಮಾತು ಮೋನಪ್ಪನ ಕಿವಿಗೆ ಅಮೃತವಾಯಿತು. ಇಷ್ಟು ವರ್ಷಗಳಲ್ಲಿ ತನ್ನ ಪರವಾಗಿ ಒಂದು ಮಾತು ಅವನು ಕೇಳಿರಲಿಲ್ಲ. ಎದೆಯುಬ್ಬಿತು. ಸೆಳವಿನಲ್ಲಿ ಜಟ್ಟೆಪ್ಪ ಏದುಸಿರು ಬಿಡುತ್ತಿದ್ದುದನ್ನು ಕಂಡು, "ಕೊಡಿಲ್ಲಿ" ಎಂದು ಅವನ ಕೈಯಿಂದ ಹುಟ್ಟನ್ನು ಕಿತ್ತುಕೊಂಡ.

ಆಮೇಲಿನದನ್ನು ಜಟ್ಟೆಪ್ಪ ಮುದುಕನಾದ ಮೇಲೂ ಬಾಯಿ ಚಪ್ಪರಿಸಿ ವರ್ಣಿಸುತ್ತಿದ್ದನಂತೆ. ಮೋನಪ್ಪ ಅಂಬಿಗನಲ್ಲ, ಹುಟ್ಟು ಹಿಡಿದದ್ದು ಎಲ್ಲೋ ಚಿಕ್ಕಂದಿನ ಆಟದಲ್ಲಿ. ಆದರೂ ಸೆಳವು ಎಲ್ಲಿ ಎಳೆಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಅವನ ಕೈ ಹಿಡಿದ ಹುಟ್ಟಿನ ಮೂಲಕವೇ ಓದಿಕೊಂಡಿತು. ಬುಟ್ಟಿ ತಿರುಗುತ್ತಲೇ ಮುಂದಕ್ಕೆ ಸಾಗಿತು, ಒಂದು ಹನಿ ನೀರು ಒಳಗೆ ಸಿಡಿಯಲಿಲ್ಲ. ಅಳಿಯನನ್ನು ಕಂಡರಾಗದ ಪತ್ತಾರರ ಬಾಯಿಂದಲೇ, ತಡೆಯಲಾಗದೆ, "ಭೇಷ್!" ಎಂಬ ಮಾತು ಹೊರಬಿತ್ತು. "ಭೇಷ್ ಮಗನ!" ಎಂದು ಜಟ್ಟೆಪ್ಪನೂ ಕೂಗಿದ.

ಮೋನಪ್ಪನ ಮುಖ ಅರಳಿತು. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು ತಾಯಿಯವರ ಕಡೆ ತಿರುಗಿ ಕೂತ.

"ನೋಡಿದ್ರಿಲ್ರಿ ತಾಯಿ? ಇದೂ ಬರತೈತಿ ನನಗ. ನಾಕ ಇದ್ವು, ಈಗ ಐದಾದ್ವು! ಹೇಳ್ರಿ ಈಗ, ಯಾವದನ್ನ ಬಿಡ್ಲಿ? ನಾ ಒಂದನೂ ಬಿಡಂಗಿಲ್ಲ. ದೈವ ಏನ ಮಾಡತೈತಿ ಮಾಡಲಿ. ಹುಟ್ಟಿಸಿದ ದೇವರ ಇಷ್ಟ ಕೊಟ್ಟಾನ, ಕಸಗೊಳ್ಳಾಕ ಇವರ‍್ಯಾರು?"

ಇನ್ನೂ ಏನೇನೋ ಹೇಳಿದ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು, ಅದೇ ಕಷ್ಟ. ತಾಯಿಯವರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಅಷ್ಟರಲ್ಲಿ ಹರಿಗೋಲು ಸೆಳವಿನ ಬಾಯಿಗೆ ಬಿದ್ದು ಕೆಳಗೆ ಕೆಳಗೆ ಜಾರುತ್ತಿತ್ತು. ಕೆಳಗಡೆ ನೀರಿನಲ್ಲಿ ಬೆನ್ನು ತೋರಿಸಿಕೊಂಡು ಮಲಗಿದ್ದ ಕೋಣಬಂಡೆಗೆ ಬಡಿದು ಹರಿದ ಹರಿಗೋಲುಗಳ ಕತೆ ಆ ಸೀಮೆಯ ಮಕ್ಕಳಿಗೂ ಗೊತ್ತು. ಜಟ್ಟೆಪ್ಪ ಮೋನಪ್ಪನ ತೊಡೆಯಿಂದ ಹುಟ್ಟನ್ನು ಎಳೆದುಕೊಂಡು ನೀರಿಗೆ ಹಾಕಿದ. ಸೆಳವಿನ ಮೊದಲ ಎಳೆತಕ್ಕೇ ಅವನ ಸೊಟ್ಟ ಕೈ ತಿರುಚಿಕೊಂಡಿತು.

"ಹಿಡಿಯೋ ಮೋನಪ್ಪಾ!" ಎಂದು ಅವನು ಚೀರಿದ. "ನನ್ನ ಕೈಲೆ ಆಗೂದಿಲ್ಲೋ. ಇದು ನೀ ಕಟ್ಟಿದ ಕೈ!"

ಮೋನಪ್ಪ ಹಿಡಿದ. ಈ ಸಲ ಅದು ಚಂದ ಕಾಣುವ ಕೆಲಸವಾಗಿರಲಿಲ್ಲ. ಹಲ್ಲು ಕಚ್ಚಿ, ಮೊಣಕಾಲೂರಿ, ನೀರು ಕುಡಿಯುತ್ತ, ಕೆಮ್ಮುತ್ತ, ಅಂಗೈ ಸುಲಿದು ಹುಟ್ಟೆಲ್ಲ ಕೆಂಪಾಗುವವರೆಗೆ ಎಳೆದ. ಹರಿಗೋಲು ಕೋಣಬಂಡೆಯ ಮಗ್ಗುಲನ್ನು ಕೆರೆದುಕೊಂಡು ದಾಟಿ, ಅದರ ಆಚೆಗೆ ಸೆಳವಿಲ್ಲದ ಮಡುವಿಗೆ ಬಂದು ಮೆಲ್ಲಗೆ ತಿರುಗತೊಡಗಿತು. ಯಾರೂ ಏನೂ ಹೊಗಳಲಿಲ್ಲ. ಹೊಗಳುವ ಉಸಿರು ಯಾರಲ್ಲಿಯೂ ಇರಲಿಲ್ಲ.

ಆಗ ತಾಯಿಯವರು ಬಾಯಿ ತೆರೆದರು.

"ಭೇಷ್ ಅಂದ್ರು. ಹುಟ್ಟು ಇಟ್ಟಿ."

ಅಷ್ಟೇ. ಮೋನಪ್ಪನಿಗೆ ಒಂದೊಂದೇ ನೆನಪಿಗೆ ಬಂತು. ಚೌಕಟ್ಟಿನ ಬಲಗಡೆಯನ್ನು ನೋಡಿ ಊರು ಭೇಷ್ ಅಂದಿತ್ತು, ಅವನು ಉಳಿ ಕೆಳಗಿಟ್ಟಿದ್ದ. ಪದದ ಮೊದಲ ನುಡಿಗಳನ್ನು ಕೇಳಿ ಭೇಷ್ ಅಂದಿದ್ದರು. ಹೋರಿ ಹೆಗಲು ಕೊಟ್ಟ ದಿನ ಅಂದಿದ್ದರು. ದಬ್ಬೆ ಕಟ್ಟಿದ ದಿನ ಇದೇ ಜಟ್ಟೆಪ್ಪ, ನೋವಿನಲ್ಲಿಯೂ, ಅದನ್ನೇ ಅಂದಿದ್ದ. ನೀರಿಳಿಯುವ ಮುಖವನ್ನು ಒರೆಸಿಕೊಳ್ಳದೆ ಅವನು ಆ ಕೈಯನ್ನು ಮೊದಲ ಸಲ ದಿಟ್ಟಿಸಿ ನೋಡಿದ.

"ತಿರಗೂದು ತಪ್ಪಲ್ಲ ತಮ್ಮಾ," ಎಂದರು ತಾಯಿಯವರು. "ನಡುಹೊಳ್ಯಾಗ ಕೈ ಬಿಡೂದು ತಪ್ಪು. ಈಗ ನೀರ ಎತ್ತು. ನಿನಗ ಎಲ್ಲಕ್ಕಿಂತ ಪ್ರೀತಿ ಯಾವದೈತೋ ಅದನ್ನ ಬಿಡು."

ಪತ್ತಾರರು ಸ್ವರ ಸರಿಮಾಡಿಕೊಂಡು ನೆನಪಿಸಿದರು: "ನಾಕರಾಗ ಮೂರ‍್ರಿ ಯವ್ವಾ."

"ಅದು ನಾಕರಾಗ ಇಲ್ಲ."

ಮೋನಪ್ಪ ಸುಲಿದ ಅಂಗೈಗಳಿಂದ ನೀರೆತ್ತಿದ. ಬಹಳ ಹೊತ್ತು ಹಿಡಿದುಕೊಂಡೇ ಕೂತ, ಬೆರಳ ಸಂದಿಯಿಂದ ಅರ್ಧ ಸೋರಿಹೋಯಿತು. ಭೇಷ್ ಎಂಬ ಆ ಮಾತು ಅವನಿಗೆ ಎಷ್ಟು ಪ್ರಿಯವಾಗಿತ್ತೆಂದು ಆ ಗಳಿಗೆಯವರೆಗೆ ಅವನಿಗೇ ಗೊತ್ತಿರಲಿಲ್ಲ. ಊಟ ಬಿಡು ಅಂದಿದ್ದರೆ ಬಿಡುತ್ತಿದ್ದ. ಕೊನೆಗೆ ಅಳುತ್ತಲೇ ಹೇಳಿದ: "ಭೇಷ್ ಅನಿಸಿಗೊಳ್ಳೂದನ್ನ ಬಿಟ್ಟೇನ್ರಿ. ಅನಿಸಿಗೊಂಡು ಎದ್ದ ಹೋಗೂದನ್ನ ಬಿಟ್ಟೇನ್ರಿ." ನೀರು ಹೊಳೆ ಸೇರಿತು.

ಪತ್ತಾರರಿಗೆ ಇದು ಲೆಕ್ಕಕ್ಕೆ ಬರಲಿಲ್ಲ. "ಇದೆಂಥಾ ಬಿಡೂದ್ರಿ? ದೈವಕ್ಕ ಏನಂತ ಹೇಳ್ಲಿ ನಾನು? ಒಂದ ಇಟಗೋ ಅಂದಾರವರು!"

ಹೊಳೆಯಲ್ಲಿ ಯಾರು ಏನು ಬಿಟ್ಟರೂ ಒಂದು ಮಾತು ಆಡದಿದ್ದ ತಾಯಿಯವರು ಅಂದು ಆಡಿದರು. ಅವರ ಕಣ್ಣು ಕೆಂಪಾದದ್ದನ್ನು ಜಟ್ಟೆಪ್ಪ ಕಂಡದ್ದು ಅದೊಂದೇ ಸಲವಂತೆ.

"ದೈವಕ್ಕ ಹೇಳು ಪತ್ತಾರಾ. ಅವರು ಬಿಟ್ಟ ಹಾಗಲಕಾಯಿ ಇನ್ನಾ ನನ್ನ ಹೊಳ್ಯಾಗ ತೇಲಾಕತ್ತಾವು. ಮೊದಲ ಅವನ್ನ ಬಂದು ಆರಿಸಿಗೊಂಡು ಹೋಗಂತ ಹೇಳು. ಆಮ್ಯಾಲ ಮಂದಿ ಜೀವದಂಥಾದ್ದನ್ನ ಬಿಡಸಾಕ ಬರಲಿ."

ಪತ್ತಾರರ ತಲೆ ತಗ್ಗಿತು. ಅವರೂ ಅದೇ ಹೊಳೆಯಲ್ಲಿ ಬಿಟ್ಟದ್ದು ಹಾಗಲಕಾಯಿಯೇ.

ತೊಂಡಿಗೇರಿಯ ದಂಡೆಗೆ ಮರಳಿದ ಮೇಲೆ ಮೋನಪ್ಪ ತಾಯಿಯವರ ಪಾದ ಹಿಡಿದ. ಮುಂಜಾನೆ ಸೆಟೆದು ನಿಂತವನು ಇವನೇ ಏನು ಎನ್ನುವಂತಿತ್ತು. "ನಾಕೂ ಅರ್ಧಾ ಅದಾವ್ರಿ ಯವ್ವಾ. ಯಾವದರಿಂದ ಸುರು ಮಾಡ್ಲಿ?" ಎಂದು ಕೇಳಿದ. ತಾಯಿಯವರು, ಹರಿಗೋಲನ್ನು ಒಂದೇ ಕೈಯಿಂದ ದಂಡೆಗೆಳೆಯಲು ಹೆಣಗುತ್ತಿದ್ದ ಜಟ್ಟೆಪ್ಪನ ಕಡೆ ಒಮ್ಮೆ ನೋಡಿ, ಗುಡಿಸಲಿನ ಒಳಗೆ ಹೋಗಿ ಒಲೆಗೆ ಕಟ್ಟಿಗೆ ಇಟ್ಟರು. ಯಾವುದು ಮೊದಲು ಎಂಬುದಕ್ಕೆ ಆ ನೋಟಕ್ಕಿಂತ ನಿಚ್ಚಳವಾದ ಉಪದೇಶ ಇನ್ನೊಂದಿಲ್ಲ. ನಮಗಾಗಿ ಯಾರು ನಡುಹೊಳೆಯಲ್ಲಿ ಕಾಯುತ್ತಿದ್ದಾರೋ ಅವರಿರುವುದೇ ನಮ್ಮ ದಿಕ್ಕು.

ದೈವದವರು ಕುದಿದರು, ಹಾರಾಡಿದರು, ತಾಯಿಯವರ ಅಂಬಲಿಗೆ ಹೋಗಬಾರದೆಂದೂ ಕೆಲವು ದಿನ ಕಟ್ಟು ಮಾಡಿದರು. ಹೊಳೆ ದಾಟಬೇಕಾದವರು ಆ ಕಟ್ಟನ್ನು ಎಷ್ಟು ಪಾಲಿಸಿದರೆಂಬುದು ಬೇರೆ ಮಾತು. ಮೋನಪ್ಪ ನಾಲ್ಕನ್ನೂ ಬಿಡಲಿಲ್ಲ. ಚೌಕಟ್ಟಿನ ಎಡಗಡೆಗೆ ಬಳ್ಳಿ ಏರಿತು. ಪದಗಳಿಗೆ ಕೊನೆಯ ನುಡಿ ಬಂತು. ಹೋರಿಗಳು ಎಡಕ್ಕೂ ತಿರುಗಿದವು. ಸರಸವ್ವ ತಂದೆಯ ಅಪ್ಪಣೆಗೆ ಕಾಯದೆ ಒಂದು ದಿನ ಗಂಟು ಕಟ್ಟಿಕೊಂಡು ಹೊರಟು ನಿಂತಳು. ತಡೆಯಲು ಬಂದ ತಂದೆಗೆ, "ನಿನ್ನ ಮಾತ ಕೇಳಿ ಬಂದಿದ್ನೆಪ್ಪಾ, ಈಗ ನನ್ನ ಮಾತ ಕೇಳಿ ಹೊಂಟೇನಿ," ಎಂದಳಂತೆ. ಪತ್ತಾರರು ಗಂಟನ್ನು ತಾವೇ ಹೊತ್ತುಕೊಂಡು ಮಗಳನ್ನು ದಂಡೆಯವರೆಗೆ ಬಿಟ್ಟು ಬಂದರು.

ಈಗಲೂ ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು, ಇದೆಲ್ಲ ಬಿಡು, ಒಂದನ್ನು ಹಿಡಿ ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಹಾಲವ್ವ ತಾಯಿಯವರೂ ಹಾಗೇ ಹೇಳಿದ್ದರೆಂದು ಭಾಷಣ ಮಾಡಿದವರನ್ನು ನಾನೇ ಕೇಳಿದ್ದೇನೆ, ಎದ್ದು ನಿಂತು ಜಗಳವನ್ನೂ ಆಡಿದ್ದೇನೆ. ತಾಯಿಯವರು ಹೇಳಲಿಲ್ಲ. ಅವರು ಬಿಡಿಸಿದ್ದು ಬೇರೆ.

ಜಟ್ಟೆಪ್ಪನ ಕೈಗೆ ಮೋನಪ್ಪ ಆ ಚಳಿಗಾಲವಿಡೀ, ಬೇಸಿಗೆಯಿಡೀ ಎಣ್ಣೆ ತಿಕ್ಕಿದ. ಕೆತ್ತನೆ ಇದ್ದ ದಿನವೂ ಬಂದ, ಆಟವಿದ್ದ ದಿನವೂ ಬಂದ. ತಾಯಿಯವರ ಗುಡಿಸಲಿನ ಮುಂದೆ, ಅಂಬಲಿಯ ಒಲೆಯಲ್ಲಿ ಎಣ್ಣೆ ಬೆಚ್ಚಗೆ ಮಾಡಿ, ಗಟ್ಟಿಯಾದ ಕೀಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಡಿಲಿಸುವ ಕೆಲಸ. ನೋಡುವವರಿಗೆ ಅದರಲ್ಲಿ ಏನೂ ಚಂದವಿರಲಿಲ್ಲ, ಯಾರೂ ನಿಂತು ನೋಡುತ್ತಲೂ ಇರಲಿಲ್ಲ. ಮುಂಗಾರು ಹತ್ತಿರವಾದ ಒಂದು ಮುಂಜಾನೆ ಜಟ್ಟೆಪ್ಪನ ಐದೂ ಬೆರಳು ಹುಟ್ಟಿನ ಸುತ್ತ ಮಡಚಿಕೊಂಡವು. ಅವನು ಹುಟ್ಟನ್ನು ಮೇಲೆತ್ತಿದ, ತಿರುಗಿಸಿದ, ಮತ್ತೊಮ್ಮೆ ಎತ್ತಿದ. ಕಣ್ಣಲ್ಲಿ ನೀರು ತುಂಬಿ, ಸಂತೋಷ ತಡೆಯಲಾರದೆ, ಹೊಳೆಯ ಆಚೆ ದಂಡೆಗೂ ಕೇಳುವಂತೆ ಕೂಗಿದ: "ಭೇಷ್ ಮೋನಪ್ಪಾ!"

ಒಳಗೆ ಅಂಬಲಿ ತಿರುವುತ್ತಿದ್ದ ತಾಯಿಯವರ ಕೈ ನಿಂತಿತು. ಅವರು ಬಾಗಿಲ ಕಡೆ ನೋಡಿದರು.

ಮೋನಪ್ಪ ತಲೆ ಎತ್ತಲಿಲ್ಲ. ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡ.

"ಇನ್ನಾ ಮುಗಿದಿಲ್ಲ," ಎಂದ. "ಕೈ ಚಾಚು."